ಅಜ್ಜನ ಬೆತ್ತದ ರಿಂಗು, ಮೊಮ್ಮಕ್ಕಳ ರೈಲುಗಾಡಿ: ಹುಬ್ಬಳ್ಳಿ ರೈಲು ಮ್ಯೂಸಿಯಂನಲ್ಲಿ ನಮ್ಮ ರವಿವಾರ

ರೈಲು ಮ್ಯೂಸಿಯಂಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮನೆಯಲ್ಲೋ, ಓಣಿಯಲ್ಲೋ, ಬೀಗರ ಪೈಕಿಯೋ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು ಯಾರಾದರೂ ಇದ್ದರೆ ಅವರನ್ನು ಬಿಟ್ಟು ಹೋಗಬೇಡಿ. ನಿಂತ ಡಬ್ಬಿ, ನಿಂತ ಗಾಲಿ, ಗಾಜಿನ ಹಿಂದಿನ ಫಲಕ ಇವನ್ನೆಲ್ಲ ಯಾರು ಬೇಕಾದರೂ ನೋಡಿ ಬರಬಹುದು. ಆದರೆ ಆ ಸಾಮಾನುಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದವರು ಪಕ್ಕದಲ್ಲಿ ನಿಂತು "ಹಿಂಗ ಮಾಡ್ತಿದ್ವಿ ನೋಡ್" ಅಂತ ಮಾಡಿ ತೋರಿಸಿದರೆ ಅದರ ಕಥೆಯೇ ಬೇರೆ. ನಮ್ಮಪ್ಪ ಯಲವಿಗಿ ಸ್ಟೇಶನ್‌ನಲ್ಲಿ ಪಾಯಿಂಟ್ಸ್‌ಮನ್ (ಗಾಡಿಗೆ ಹಳಿ ಬದಲಿಸಿ ಕೊಡುವವರು) ಆಗಿದ್ದವರು. ಈಚೆಗೆ ಅವರನ್ನು, ಅವ್ವನನ್ನು, ನನ್ನ ಮಗಳನ್ನು, ತಂಗಿಯ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಿ ಬಂದೆವು. ಅವತ್ತು ನೋಡಿದ್ದನ್ನು ಬರೆದಿಡಬೇಕು ಅನ್ನಿಸಿದೆ.

ಇದು ಶುರುವಾಗಿದ್ದು ಒಂದು ವಿಡಿಯೋದಿಂದ. ಅಮೆರಿಕದ ಯೂಟಾ ರಾಜ್ಯದಲ್ಲಿ ಪ್ರೊಮೊಂಟರಿ ಅಂತ ಒಂದು ಜಾಗ ಇದೆ. 1869ರ ಮೇ 10ರಂದು ಪೂರ್ವದಿಂದ ಬಂದ ಹಳಿ ಮತ್ತು ಪಶ್ಚಿಮದಿಂದ ಬಂದ ಹಳಿ ಅಲ್ಲಿ ಕೂಡಿದವು. ಕೊನೆಯ ಮೊಳೆ ಅಂತ ಬಂಗಾರದ ಮೊಳೆ ಇಟ್ಟರು. ಜುಪಿಟರ್ ಮತ್ತು 119 ಅನ್ನುವ ಎರಡು ಉಗಿ ಎಂಜಿನ್‌ಗಳು ಎದುರುಬದುರು ಬಂದು ನಿಂತವು. ಆ ಎರಡೂ ಎಂಜಿನ್‌ಗಳು ಮುಂದೆ ಗುಜರಿಗೆ ಹೋದವು. ಅದಕ್ಕೆ ಅಲ್ಲಿನವರು 1979ರಲ್ಲಿ ಥೇಟ್ ಅವುಗಳ ಹಾಗೆಯೇ ಓಡುವ ಎರಡು ಹೊಸ ಎಂಜಿನ್ ಮಾಡಿಸಿಕೊಂಡರು. ಈಗ ಆ ಕಾಲದ ಉಡುಪು ತೊಟ್ಟವರು, ಆ ಕಾಲದ ಭಾಷಣ, ಎದುರುಬದುರು ಬರುವ ಎಂಜಿನ್, ಎಲ್ಲವನ್ನೂ ಅಂದಿನಂತೆಯೇ ಮತ್ತೆ ಮಾಡಿ ತೋರಿಸುತ್ತಾರೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ನನ್ನ ಮಗಳು ಅದನ್ನು ಮೊಬೈಲಿನಲ್ಲಿ ನೋಡುತ್ತಾ ಕೂತಿದ್ದಳು. ಪಕ್ಕದಲ್ಲಿದ್ದ ಅಪ್ಪನನ್ನು ಕೇಳಿಬಿಟ್ಟಳು: "ಅಜ್ಜಾ, ನಮ್ಮ ಕಡೆ ಹಿಂಗ ಯಾಕ ಮಾಡಂಗಿಲ್ಲ? ನೀ ಮಾಡಿ ತೋರಸ್ತೀ ಏನು?"

ಅಪ್ಪ ಆಗ ಏನೂ ಹೇಳಲಿಲ್ಲ. ಆಮೇಲೆ ನೋಡಿದರೆ ಹಿತ್ತಲಲ್ಲಿ ಕೂತು ಬೆತ್ತ ಬಗ್ಗಿಸುತ್ತಿದ್ದರು! ಬಿಸಿ ನೀರು ಹಾಕಿ, ನಿಧಾನ ಬಗ್ಗಿಸಿ, ಎರಡೂ ತುದಿ ಕೂಡಿಸಿ ಸುತಳಿ ಸುತ್ತಿದರು. ತಲೆ, ತೋಳು ಎರಡೂ ಆರಾಮಾಗಿ ತೂರುವಷ್ಟು ದೊಡ್ಡ ರಿಂಗು. ಅವ್ವ ಹಳೇ ಜೀನ್ಸ್ ಪ್ಯಾಂಟಿನ ಬಟ್ಟೆಯಲ್ಲಿ ಒಂದು ಸಣ್ಣ ಚೀಲ ಹೊಲಿದು ರಿಂಗಿನ ಸುತಳಿ ಗಂಟಿನ ಹತ್ತಿರ ಕಟ್ಟಿದಳು. ಚೀಲದೊಳಗೆ ತಂಗಿಯ ಮಗನ ಟೆನಿಸ್ ಚೆಂಡು. ಅಂಥವೇ ಎರಡು ತಯಾರಾದವು. ಅಪ್ಪ ಚೆಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಊರಿನ ಹೆಸರು ಬರೆದರು. ಒಂದರ ಮೇಲೆ ಕರಜಗಿ–ಯಲವಿಗಿ, ಇನ್ನೊಂದರ ಮೇಲೆ ಯಲವಿಗಿ–ಗುಡಗೇರಿ.

ಹಾವೇರಿ ಸ್ಟೇಶನ್‌ಗೆ ಈಗ ಮೈಲಾರ ಮಹದೇವಪ್ಪನವರ ಹೆಸರಿದೆ. ಅಲ್ಲಿ ಬೆಳಗಿನ ಗಾಡಿ ಹತ್ತಿದೆವು. ಕರಜಗಿ ಹತ್ತಿರ ವರದಾ ನದಿ ದಾಟುವಾಗ ಮಕ್ಕಳು ಕಿಟಕಿಗೆ ಅಂಟಿಕೊಂಡರು. ಅಪ್ಪ ಮಾತ್ರ ಹಳಿಯ ಪಕ್ಕದ ನೆಲವನ್ನೇ ನೋಡುತ್ತಿದ್ದರು. ಈಗ ಇಲ್ಲಿ ಜೋಡಿ ಹಳಿ, ಮೇಲೆ ಕರೆಂಟಿನ ತಂತಿ, ಬಣ್ಣದ ದೀಪದ ಸಿಗ್ನಲ್. ಅವರು ದುಡಿದ ಕಾಲದಲ್ಲಿ ಇದ್ದಿದ್ದು ಒಂದೇ ಹಳಿ, ಅದೂ ಕಡಿಮೆ ಅಗಲದ ಮೀಟರ್ ಗೇಜ್. ಯಲವಿಗಿ ಬಂದಾಗ ಎದ್ದು ಬಾಗಿಲಿಗೆ ಹೋಗಿ ನಿಂತರು. ಮಗಳನ್ನೂ ಕರೆದರು. "ಅಲ್ಲಿ ಆ ಕಡೆ, ಆ ಗಿಡದ ಹತ್ರ ನಿಂದರತಿದ್ದೆ ನಾ" ಅಂತ ಕೈ ತೋರಿಸಿದರು. ಗಾಡಿ ಬಿಟ್ಟ ಮೇಲೂ ಬಹಳ ಹೊತ್ತು ಒಳಗೆ ಬರಲಿಲ್ಲ. ಗುಡಗೇರಿ, ಸಂಶಿ, ಕುಂದಗೋಳ ದಾಟಿ ಹುಬ್ಬಳ್ಳಿ ಬಂತು.

ಹುಬ್ಬಳ್ಳಿ ಸ್ಟೇಶನ್ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮು, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಅದಕ್ಕೂ ಮುಂಚೆ ಈ ದಾಖಲೆ ಗೋರಖಪುರದ ಹೆಸರಲ್ಲಿತ್ತು. ಮಕ್ಕಳು ತುದಿಯಿಂದ ತುದಿಗೆ ನಡೆದೇ ತೀರಬೇಕು ಅಂತ ಹಟ ಹಿಡಿದರು. ಅರ್ಧ ದಾರಿಗೆ ಸುಸ್ತಾಗಿ ಬೆಂಚಿನ ಮೇಲೆ ಕೂತಾಗ ಅಲ್ಲೇ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೆಕಾಯಿ, ಗಟ್ಟಿ ಮೊಸರು. ರೈಲ್ವೆ ಸ್ಟೇಶನ್‌ನಲ್ಲಿ ಕೂತು ಬುತ್ತಿ ಉಣ್ಣುವ ಖುಷಿ ಯಾವ ಹೋಟೆಲಿನಲ್ಲೂ ಸಿಗಲ್ಲ, ಅಲ್ವಾ?

ಮ್ಯೂಸಿಯಂ ಇರುವುದು ಗದಗ ರೋಡಿನಲ್ಲಿ, ರೈಲ್ವೆ ಆಸ್ಪತ್ರೆಯ ಎದುರು. ಸ್ಟೇಶನ್ನಿನ ಗದಗ ರೋಡ್ ಕಡೆಯ ಬಾಗಿಲಿನಿಂದ ಹೊರಬಿದ್ದರೆ ಹತ್ತಿರ. 2020ರಲ್ಲಿ ಶುರುವಾಯಿತು. ಉತ್ತರ ಕರ್ನಾಟಕಕ್ಕೆ ಇದೇ ಮೊದಲ ರೈಲು ಮ್ಯೂಸಿಯಂ. ಒಳಗೆ ಹಳೇ ಕಾಲದ ಎರಡು ಕಟ್ಟಡಗಳಿವೆ, ಒಂದಕ್ಕೆ ಮಲಪ್ರಭಾ ಅಂತ, ಇನ್ನೊಂದಕ್ಕೆ ಘಟಪ್ರಭಾ ಅಂತ ಹೆಸರು. ಅದರಲ್ಲಿ ಸ್ಟೇಶನ್ನಿನ ಹಳೇ ಸಾಮಾನುಗಳನ್ನು ಜೋಡಿಸಿದ್ದಾರೆ. ಹೊರಗೆ ನ್ಯಾರೋ ಗೇಜ್ ಡಬ್ಬಿಗಳು, ಸಿನಿಮಾ ತೋರಿಸುವ ಒಂದು ಡಬ್ಬಿ, ಮಕ್ಕಳಿಗೆ ಪುಟಾಣಿ ರೈಲು, ತಿನ್ನಲು ಕ್ಯಾಂಟೀನು. ಪುಟಾಣಿ ರೈಲಿನಲ್ಲಿ ಮಕ್ಕಳು ಕೂತು ಬಂದರು, ಕಿರುಚಿದರು, ಫೋಟೋ ಆಯ್ತು. ಅದನ್ನು ಜಾಸ್ತಿ ಬರೆಯುವುದಿಲ್ಲ.

ಟಿಕೆಟ್ ಮಷೀನಿನ ಮುಂದೆ ಮಾತ್ರ ನಿಲ್ಲಲೇಬೇಕು. ನಮ್ಮ ವಯಸ್ಸಿನವರಿಗೆ ನೆನಪಿರುತ್ತೆ, ಬೆರಳುದ್ದದ ದಪ್ಪ ರಟ್ಟಿನ ಟಿಕೆಟ್ಟು. ಥಾಮಸ್ ಎಡ್ಮಂಡ್‌ಸನ್ ಅನ್ನುವ ಇಂಗ್ಲೆಂಡಿನ ಸ್ಟೇಶನ್ ಮಾಸ್ತರರೊಬ್ಬರು ಹತ್ತೊಂಬತ್ತನೇ ಶತಮಾನದಲ್ಲಿ ಕಂಡುಹಿಡಿದದ್ದು ಅದು. ಅದಕ್ಕಿಂತ ಮೊದಲು ಒಬ್ಬೊಬ್ಬರಿಗೂ ಕೈಯಲ್ಲಿ ಚೀಟಿ ಬರೆದುಕೊಡುತ್ತಿದ್ದರಂತೆ. ಈ ಟಿಕೆಟ್ಟಿನ ಮೇಲೆ ಮೊದಲೇ ನಂಬರ್ ಅಚ್ಚಾಗಿರುವುದರಿಂದ ಸಂಜೆ ಎಷ್ಟು ಮಾರಾಟವಾಯ್ತು, ಎಷ್ಟು ದುಡ್ಡು ಬರಬೇಕು ಅನ್ನುವ ಲೆಕ್ಕ ತಾನೇ ಸಿಗುತ್ತಿತ್ತು. ನಮ್ಮ ದೇಶದಲ್ಲಿ ಒಂದೂವರೆ ಶತಮಾನ ನಡೆದ ಟಿಕೆಟ್ ಅದು. ಅವ್ವ ಮಕ್ಕಳಿಗೆ ಹೇಳಿದಳು, ಟಿಕೆಟ್ ಕೊಡುವ ಮುಂಚೆ ಮಾಸ್ತರರು ಅದನ್ನು ತಾರೀಖಿನ ಯಂತ್ರದೊಳಗೆ ತೂರಿಸಿ "ಟಕ್ ಟಕ್" ಅನ್ನಿಸುತ್ತಿದ್ದರು, ಆ ಸದ್ದು ಕೇಳಿದರೆ ಊರಿಗೆ ಹೊರಟೆವು ಅಂತ ಗ್ಯಾರಂಟಿ. ಮಕ್ಕಳು ಆ ಸದ್ದನ್ನೇ ಹಿಡಿದುಕೊಂಡರು. ಮುಂದಿನ ಆಟದಲ್ಲಿ ಅದೂ ಸೇರಿತು.

ಊಟದ ಹೊತ್ತು ದಾಟಿ ಬಿಸಿಲು ಸ್ವಲ್ಪ ಇಳಿದ ಮೇಲೆ ಮರದ ನೆರಳಿನ ಜಾಗ ನೋಡಿ ಅಪ್ಪ ಚೀಲದಿಂದ ಎರಡು ರಿಂಗ್ ತೆಗೆದರು. ಅಲ್ಲಿನ ಸಿಬ್ಬಂದಿಯೊಬ್ಬರನ್ನು ಮೊದಲು ಕೇಳಿದೆವು. ಅವರು ರಿಂಗ್ ನೋಡಿದ್ದೇ ತಡ, "ಅಜ್ಜಾರ, ನೀವು ಯಾವ ಸ್ಟೇಶನ್‌ನ್ಯಾಗ ಇದ್ರಿ?" ಅಂತ ಮಾತಿಗೆ ನಿಂತರು.

ಗೊತ್ತಿಲ್ಲದವರಿಗೆ ಈ ರಿಂಗು, ಅದರ ಚೀಲದೊಳಗಿನ ಚೆಂಡು, ಅಂದರೆ ಟೋಕನ್, ಇದರ ವಿಷಯ ಸ್ವಲ್ಪ ಹೇಳ್ತೀನಿ. ಒಂದೇ ಹಳಿ ಇರುವ ಕಡೆ ದೊಡ್ಡ ಭಯ ಯಾವುದು? ಎದುರಿನಿಂದ ಇನ್ನೊಂದು ಗಾಡಿ ಬಂದರೆ ಏನು ಗತಿ ಅನ್ನುವುದು. ಅದಕ್ಕೆ ಪ್ರತಿ ಎರಡು ಸ್ಟೇಶನ್ ನಡುವೆ ಒಂದು ಜೋಡಿ ಯಂತ್ರ. ಈ ಸ್ಟೇಶನ್ನಿನಲ್ಲಿ ಒಂದು, ಆ ಸ್ಟೇಶನ್ನಿನಲ್ಲಿ ಒಂದು, ನಡುವೆ ತಂತಿ. ಯಂತ್ರದೊಳಗೆ ಉಕ್ಕಿನ ಚೆಂಡುಗಳು. ಈ ಮಾಸ್ತರರು ಗಂಟೆ ಬಾರಿಸಿ ಕೇಳಬೇಕು, ಆ ಮಾಸ್ತರರು ಒಪ್ಪಿ ತಮ್ಮ ಕಡೆಯ ಗುಂಡಿ ಒತ್ತಿ ಹಿಡಿಯಬೇಕು. ಆಗ ಮಾತ್ರ ಇಲ್ಲಿ ಒಂದು ಚೆಂಡು ಹೊರಗೆ ಬೀಳುತ್ತದೆ. ಒಂದು ಸಲ ಒಂದು ಚೆಂಡು ಹೊರಬಿತ್ತೋ, ಅದು ಎರಡರಲ್ಲಿ ಯಾವುದಾದರೂ ಒಂದು ಯಂತ್ರದೊಳಗೆ ವಾಪಸು ಹೋಗುವ ತನಕ ಎರಡೂ ಕಡೆ ಇನ್ನೊಂದು ಚೆಂಡು ಬರುವುದೇ ಇಲ್ಲ. ಎಷ್ಟು ಗುದ್ದಿದರೂ ಬರಲ್ಲ. ಆ ಚೆಂಡೇ ಡ್ರೈವರ್‌ಗೆ ಮುಂದಿನ ಸ್ಟೇಶನ್ ತನಕ ಹಳಿ ನಿನ್ನದು ಅನ್ನುವ ಅಧಿಕಾರ. ಅದು ಕೈಯಲ್ಲಿ ಇಲ್ಲದೆ ಗಾಡಿ ಹೊರಡುವಂತಿಲ್ಲ. ಇಷ್ಟು ಸರಳ, ಇಷ್ಟು ಗಟ್ಟಿ. ಲಕ್ಷಾಂತರ ಜನ ರಾತ್ರಿ ಗಾಡಿಯಲ್ಲಿ ನಿಶ್ಚಿಂತೆಯಿಂದ ಮಲಗಿ ಊರು ಸೇರಿದ್ದು ಈ ಚೆಂಡಿನ ದಯೆಯಿಂದ.

ಈಗ ಎಲ್ಲ ಗಾಡಿಯೂ ಎಲ್ಲ ಸ್ಟೇಶನ್ನಿನಲ್ಲಿ ನಿಲ್ಲುವುದಿಲ್ಲವಲ್ಲ. ಗೂಡ್ಸ್, ಎಕ್ಸ್‌ಪ್ರೆಸ್ ನಿಲ್ಲದೆ ಹೋಗುತ್ತವೆ. ಅದಕ್ಕೇ ಈ ಬೆತ್ತದ ರಿಂಗು. ಚೆಂಡನ್ನು ತೊಗಲಿನ ಚೀಲದಲ್ಲಿ ಹಾಕಿ ರಿಂಗಿಗೆ ಕಟ್ಟಿ ಪಾಯಿಂಟ್ಸ್‌ಮನ್ ಹಳಿ ಪಕ್ಕ ಎತ್ತಿ ಹಿಡಿದು ನಿಲ್ಲುತ್ತಾನೆ. ಎಂಜಿನ್ನಿನಿಂದ ಫೈರ್‌ಮನ್, ಅಂದರೆ ಒಲೆಗೆ ಕಲ್ಲಿದ್ದಲು ಹಾಕುವವನು, ತೋಳು ಚಾಚಿ ಅದನ್ನು ಸಿಕ್ಕಿಸಿಕೊಳ್ಳುತ್ತಾನೆ. ಅದಕ್ಕೂ ಮುಂಚೆ ಹಿಂದಿನ ಸ್ಟೇಶನ್ನಿನಿಂದ ತಂದ ರಿಂಗನ್ನು ಕೆಳಗೆ ಎಸೆದಿರುತ್ತಾನೆ.

ಅಪ್ಪ ಇದನ್ನು ಸುಮ್ನೆ ಹೇಳಿ ಮುಗಿಸಲಿಲ್ಲ. ಪೂರ್ತಿ ಮಾಡಿಸಿದರು. ನಡುವಿನ ಸಣ್ಣ ಸ್ಟೇಶನ್‌ಗಳನ್ನೆಲ್ಲ ಬಿಟ್ಟು ಆಟಕ್ಕೆ ಮೂರೇ ಊರು: ಒಂದು ಮರ ಕರಜಗಿ, ನಡುವಿನ ಬೆಂಚು ಯಲವಿಗಿ, ಆಚೆಯ ಕಂಬ ಗುಡಗೇರಿ. ನನ್ನ ಮಗಳು ಯಲವಿಗಿ ಮಾಸ್ತರರು. ತಂಗಿಯ ಮಗಳು ಗುಡಗೇರಿ ಮಾಸ್ತರರು. ತಂಗಿಯ ಮಗ ಡ್ರೈವರು, ಫೈರ್‌ಮನ್ನು, ಎಂಜಿನ್ನು ಎಲ್ಲಾ ಅವನೇ. ನಾನು ಕೈಮರ, ಅಂದರೆ ಹಳೇ ಕಾಲದ ತೋಳಿನ ಸಿಗ್ನಲ್. ಎರಡೂ ತೋಳು ಅಲ್ಲ, ಒಂದೇ ತೋಳು ಅಡ್ಡ ಚಾಚಿ ನಿಲ್ಲಬೇಕು. ಅಡ್ಡ ಇದ್ದರೆ ನಿಲ್ಲು, ತೋಳು ಓರೆಯಾಗಿ ಕೆಳಗೆ ಬಿದ್ದರೆ ಬಾ. ಅಪ್ಪ ಒಬ್ಬೊಬ್ಬರನ್ನು ಅವರವರ ಜಾಗಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಆಮೇಲೆ ಮೊದಲಿನಿಂದ ಶುರು. ಮಗಳು "ಟಿಣ್ ಟಿಣ್" ಅಂದಳು. ಗುಡಗೇರಿಯಿಂದ "ಟಿಣ್ ಟಿಣ್" ಅಂತ ಉತ್ತರ ಬಂತು. ಚೆಂಡು ಬಿತ್ತು. ಅಪ್ಪ ಚೆಂಡಿನ ಮೇಲಿನ ಹೆಸರು ಗಟ್ಟಿಯಾಗಿ ಓದಿದರು, "ಯಲವಿಗಿ, ಗುಡಗೇರಿ". ಮಗಳಿಂದಲೂ ಓದಿಸಿದರು. "ಓದದ ಕೊಡಬಾರದು, ಓದದ ಒಯ್ಯಬಾರದು. ಹೆಸರು ತಪ್ಪಿದ್ರ ಅದು ಚೆಂಡ್ ಅಲ್ಲ, ಸಾವು" ಅಂದರು. ಮಕ್ಕಳ ನಗು ಅಲ್ಲಿಗೆ ನಿಂತು ಆಟಕ್ಕೆ ಒಂದು ಗಾಂಭೀರ್ಯ ಬಂತು.

ಅಪ್ಪ ರಿಂಗ್ ಹಿಡಿದು ನಿಂತ ರೀತಿ ನೋಡಬೇಕಿತ್ತು. ಮೊಣಕಾಲು ನೋವು ಅಂತ ಮನೆಯಲ್ಲಿ ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುವವರು ಎರಡೂ ಕಾಲು ಅಗಲ ಮಾಡಿ, ಮೈ ಸ್ವಲ್ಪ ಹಿಂದಕ್ಕೆ ವಾಲಿಸಿ, ಬಲಗೈಯನ್ನು ತಲೆಗಿಂತ ಮೇಲಕ್ಕೆ ಎತ್ತಿ ನಿಂತರು. ರಿಂಗನ್ನು ಮುಷ್ಟಿ ಕಟ್ಟಿ ಹಿಡಿಯಬಾರದಂತೆ. ಕೆಳತುದಿಯನ್ನು ಎರಡು ಬೆರಳು, ಹೆಬ್ಬೆರಳಲ್ಲಿ ಹಗುರಾಗಿ ಹಿಡಿಯಬೇಕು, ಫೈರ್‌ಮನ್ ತೋಳು ತಾಗಿದ ಕೂಡಲೇ ಬಿಡಬೇಕು. ಗಟ್ಟಿ ಹಿಡಿದರೆ ಕೈ ಜೊತೆಗೇ ಹೋಗುತ್ತೆ. ಹುಡುಗ ಓಡಿ ಬಂದ. ಮೊದಲ ಸಲ ಬೆರಳಿನಿಂದ ಹಿಡಿಯಲು ಹೋದ. "ಹಂಗಲ್ಲೋ! ಬೆರಳು ಅಲ್ಲ, ತೋಳು. ಮೊಣಕೈ ಮಡಚಿ ಕೊಕ್ಕಿ ಮಾಡು. ರಿಂಗ್ ತಾನ ಬಂದು ತೋಳಿಗೆ ಬೀಳ್ತೈತಿ." ಮತ್ತೆ ಓಡಿ ಬಂದ, ಮತ್ತೆ ತಪ್ಪಿತು. ಆಮೇಲೊಮ್ಮೆ ರಿಂಗು ಸರಿಯಾಗಿ ಅವನ ಮಡಚಿದ ತೋಳಿಗೆ ಬಿದ್ದು, ಜಾರಿ ಭುಜದ ತನಕ ಹೋಗಿ, ಚೀಲ ಬೆನ್ನಿಗೆ ಬಡಿಯಿತು. ಸುತ್ತ ನಿಂತಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಜನ ಸೇರಿಬಿಟ್ಟಿದ್ದರು. ಅಪ್ಪ ಹುಡುಗನ ತೋಳು ಹಿಡಿದು ನೋಡಿ ಹೇಳಿದರು, ಟೆನಿಸ್ ಚೆಂಡಾದ್ದರಿಂದ ನಿನಗೇನೂ ಆಗಿಲ್ಲ, ಫೈರ್‌ಮನ್‌ಗಳ ತೋಳಿನಲ್ಲಿ ಕಂದಿದ ಗುರುತು ಯಾವಾಗಲೂ ಇರುತ್ತಿತ್ತು.

ನಿಜವಾದ ಪಾಠ ಆದದ್ದು ಮುಂದೆ. ಹುಡುಗ ಹೊಸ ರಿಂಗ್ ಹಿಡಿಯುವ ಮುಂಚೆ ಹಳೇ ರಿಂಗ್ ಎಸೆಯಬೇಕಲ್ಲ, ಉತ್ಸಾಹದಲ್ಲಿ ಜೋರಾಗಿ ಬೀಸಿ ಎಸೆದ. ಅದು ಹೋಗಿ ಹೂಗಿಡಗಳ ದಟ್ಟ ಸಾಲಿನೊಳಗೆ ಬಿತ್ತು. ಅಷ್ಟೊತ್ತಿಗೆ ಬೇರೆ ಮನೆಯ ಮಕ್ಕಳು ಬಂದು ಕರಜಗಿ ಮರದ ಕೆಳಗೆ ಎರಡನೇ ಗಾಡಿಯಾಗಿ ಸಾಲು ನಿಂತಿದ್ದರು, ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು. ಒಬ್ಬ ಹುಡುಗ ತಡೆಯದೆ ಹೊರಟೇಬಿಟ್ಟ. ಯಲವಿಗಿ ಮಾಸ್ತರರು, ಅಂದರೆ ನನ್ನ ಮಗಳು, ಇದ್ದಲ್ಲಿಂದಲೇ ಕೂಗಿದಳು: "ಏಯ್, ನಿಂದ್ರು! ಟೋಕನ್ ಎಲ್ಲೈತಿ ನಿಂದು?" ಆ ಹುಡುಗ ನಿಂತ. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಹೇಳಿದರು, ಆ ಚೆಂಡು ಸಿಕ್ಕಿ ಯಂತ್ರದೊಳಗೆ ಬೀಳುವ ತನಕ ಕರಜಗಿಯಿಂದ ಇನ್ನೊಂದು ಗಾಡಿ ಬಿಡುವಂತಿಲ್ಲ, ಹುಡುಕ್ರಿ. ಹತ್ತಾರು ಮಕ್ಕಳು ಗಿಡದ ಸಾಲಿನ ಬುಡಕ್ಕೆ ಬಗ್ಗಿದರು. ನಾನು ಎಷ್ಟೋ ಸಲ ಕೇಳಿದ್ದ ವಿಷಯ ನನಗೂ ಆಗಲೇ ಕಣ್ಣಿಗೆ ಕಟ್ಟಿದ್ದು. ಎರಡು ಸ್ಟೇಶನ್ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಅನ್ನುವ ಈ ಬ್ಲಾಕ್ ಸಿಸ್ಟಮ್ ಅಂದರೇನು ಅಂತ ಆ ಮಕ್ಕಳಿಗೆ ಇನ್ನು ಯಾರೂ ಬೋರ್ಡಿನ ಮೇಲೆ ಬರೆದು ಹೇಳಬೇಕಾಗಿಲ್ಲ.

ರಿಂಗ್ ಹುಡುಕುತ್ತಿದ್ದಾಗ ಅಪ್ಪ ಒಂದು ರಾತ್ರಿಯ ಕಥೆ ಹೇಳಿದರು. ಮಳೆಗಾಲ, ಗೂಡ್ಸ್ ಗಾಡಿ ಎಸೆದ ರಿಂಗು ಉರುಳಿಕೊಂಡು ಹೋಗಿ ಜಾಲಿ ಮುಳ್ಳಿನ ಪೊದೆಯೊಳಗೆ ಸೇರಿತ್ತು. ಅದು ಸಿಗುವ ತನಕ ಹಿಂದಿನ ಗಾಡಿ ಹಿಂದಿನ ಸ್ಟೇಶನ್ನಿನಲ್ಲೇ. ಕಂದೀಲು ಹಿಡಿದು ಎರೆ ಮಣ್ಣಿನ ಕೆಸರಿನಲ್ಲಿ ಹುಡುಕಿದರಂತೆ. ಎರೆ ಹೊಲದ ಕೆಸರು ಗೊತ್ತಿದ್ದವರಿಗೆ ಗೊತ್ತು, ಒಂದೊಂದು ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಮೆತ್ತುತ್ತದೆ. ಮಾಸ್ತರರು ಪ್ಲಾಟ್‌ಫಾರ್ಮಿನಿಂದ ಕೂಗುತ್ತಿದ್ದರು, ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್ ಆಫೀಸಿನಿಂದ ಫೋನ್ ಮೇಲೆ ಫೋನ್. ಕೊನೆಗೆ ಸಿಕ್ಕಾಗ ಅಪ್ಪನ ಅಂಗಿ ಮುಳ್ಳಿಗೆ ಸಿಕ್ಕಿ ಹರಿದಿತ್ತು, ಕೈ ತುಂಬ ಗೀರು. ಇದನ್ನು ಹೇಳುವಾಗ ಅಪ್ಪನ ದನಿಯಲ್ಲಿ ಬೇಸರ ಇರಲಿಲ್ಲ. ಕೆಲಸ ಕೆಡಲಿಲ್ಲ ಅನ್ನುವ ಸಮಾಧಾನ ಇತ್ತು.

ಅವ್ವ ನಡುವೆ ಬಾಯಿ ಹಾಕಿದಳು. ರಾತ್ರಿ ರಿಂಗ್ ಹಿಡಿದು ನಿಂತವನು ಫೈರ್‌ಮನ್ ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಇನ್ನೊಂದು ಕೈಯಲ್ಲಿ ಪಂಜು ಹಿಡಿಯುತ್ತಿದ್ದರು. ಕಬ್ಬಿಣದ ಸಲಾಕೆಯ ತುದಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಹಚ್ಚುವುದು. "ಆ ಅರಿವಿ ಸುತ್ತಿ ಕೊಡಾಕಿ ನಾನರೀ" ಅಂತ ಅಲ್ಲಿ ನಿಂತಿದ್ದ ಸಿಬ್ಬಂದಿಗೆ ಹೇಳಿದಳು. ನೂಲಿನ ಸೀರೆಯೇ ಆಗಬೇಕಂತೆ. ಪಾಲಿಸ್ಟರ್ ಸುತ್ತಿದರೆ ಕರಗಿ ಹನಿ ಹನಿಯಾಗಿ ಕೈ ಮೇಲೆ ಬೀಳುತ್ತದೆ. ಬಿಗಿಯಾಗಿ ಸುತ್ತಿದರೆ ಎಣ್ಣೆ ಒಳಗೆ ಇಳಿಯಲ್ಲ, ಸಡಿಲ ಸುತ್ತಿದರೆ ಗಾಡಿಯ ಗಾಳಿಗೆ ಬಿಚ್ಚಿ ಹಾರುತ್ತದೆ. ತನ್ನ ಸೀರೆಗಳು ಎಷ್ಟು ಹೀಗೆ ಉರಿದು ಹೋದವೋ ಅಂದಳು. ನಾನು ಅದೇ ಮನೆಯಲ್ಲಿ ಬೆಳೆದವಳು, ಈ ಮಾತು ಅವ್ವನ ಬಾಯಿಂದ ಅವತ್ತೇ ಮೊದಲು ಕೇಳಿದ್ದು. ಯಾರೂ ಕೇಳದಿದ್ದರೆ ಇಂಥವು ಹೊರಗೆ ಬರುವುದೇ ಇಲ್ಲ. ಯಾವ ಮ್ಯೂಸಿಯಂನ ಫಲಕದಲ್ಲೂ ಅವ್ವನ ಸೀರೆ ಇರುವುದಿಲ್ಲ.

ವಾಪಸು ಬರುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೇ. ನಮ್ಮ ಊರಿನ ರೈಲಿನ ಚರಿತ್ರೆಯನ್ನು ಮತ್ತೆ ಮಾಡಿ ತೋರಿಸಬೇಕು ಅಂದರೆ ಏನನ್ನು ತೋರಿಸಬೇಕು? ನಮ್ಮಲ್ಲಿ ಬಂಗಾರದ ಮೊಳೆ ಇಲ್ಲ. 1876ರಿಂದ 78ರ ತನಕ ಈ ಕಡೆ ಭೀಕರ ಬರ ಬಿತ್ತು. ಜನ ಹುಳದ ಹಾಗೆ ಸತ್ತರು, ಕಾಳು ಇದ್ದ ಊರಿನಿಂದ ಇಲ್ಲದ ಊರಿಗೆ ಸಾಗಿಸಲು ದಾರಿ ಇರಲಿಲ್ಲ. ಬರ ಬಂದಾಗ ಕಾಳು ಸಾಗಿಸಲು ರೈಲು ಬೇಕು ಅಂತ ಆಮೇಲೆ ಸರ್ಕಾರ ಹೊರಟಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಅನ್ನುವ ಕಂಪನಿ ಬಂತು. 1885ರಲ್ಲಿ ಹುಬ್ಬಳ್ಳಿಯ ವರ್ಕ್‌ಶಾಪ್ ಶುರುವಾಯಿತು, ಇವತ್ತಿಗೂ ನಡೆಯುತ್ತಿದೆ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ ಆಯ್ತು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ದಕ್ಷಿಣ ರೈಲ್ವೆ. 1966ರಲ್ಲಿ ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು, ಅಪ್ಪ ಕೆಲಸಕ್ಕೆ ಸೇರಿದ್ದು ಆ ಕಾಲದಲ್ಲಿ. 2003ರಲ್ಲಿ ನೈರುತ್ಯ ರೈಲ್ವೆಯಾಗಿ ಹುಬ್ಬಳ್ಳಿಯೇ ಮುಖ್ಯ ಕಚೇರಿಯಾಯಿತು. ನಡುವೆ 1990ರ ದಶಕದಲ್ಲಿ ಗೇಜ್ ಬದಲಾಯಿತು. ಒಂದು ಮೀಟರ್ ಅಗಲದ ಹಳಿ ಹೋಗಿ 1676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್ ಬಂತು. ಉಗಿ ಎಂಜಿನ್ ಹೋದವು, ಕೈಮರ ಹೋದವು, ಬೆತ್ತದ ರಿಂಗೂ ಹೋಯಿತು.

ಈ ತಾರೀಖುಗಳನ್ನೆಲ್ಲ ಫಲಕದಲ್ಲಿ ಬರೆಯಬಹುದು, ಬರೆಯಬೇಕು ಕೂಡ. ಆದರೆ ಮತ್ತೆ ಮಾಡಿ ತೋರಿಸಬೇಕಾದ್ದು ರಿಬ್ಬನ್ ಕತ್ತರಿಸಿದ್ದು, ಹಾರ ಹಾಕಿದ್ದು ಅಲ್ಲ. ದಿನಾ ನಡೆದ ಕೆಲಸ. ಪ್ರೊಮೊಂಟರಿಯ ಆ ವಿಡಿಯೋ ನೋಡಿದ ಮೇಲೆ ನಾನು ಸ್ವಲ್ಪ ಓದಿದೆ. ಪಶ್ಚಿಮದ ಕಡೆಯಿಂದ ಆ ಹಳಿ ಹಾಕಿದವರಲ್ಲಿ ಬಹುಪಾಲು ಜನ ಚೀನಾದಿಂದ ಬಂದ ಕೂಲಿಗಳು. ಬೆಟ್ಟದ ಬಂಡೆ ಒಡೆದವರು ಅವರೇ. ಎರಡು ಎಂಜಿನ್ ಕೂಡಿದ ಆ ಪ್ರಸಿದ್ಧ ಫೋಟೋದಲ್ಲಿ ನೋಡಿದರೆ ಅವರ ಮುಖಗಳು ಕಾಣುವುದಿಲ್ಲ. 2014ರಲ್ಲಿ ಕಾರ್ಕಿ ಲೀ ಅನ್ನುವ ಫೋಟೋಗ್ರಾಫರ್ ಆ ಕೂಲಿಗಳ ವಂಶದವರನ್ನು, ಅವರ ಸಮುದಾಯದವರನ್ನು ಅದೇ ಜಾಗಕ್ಕೆ ಕರೆದು, ಆ ಎಂಜಿನ್‌ಗಳ ಹಾಗೆಯೇ ಮಾಡಿಸಿದ ಹೊಸ ಎಂಜಿನ್‌ಗಳ ಮುಂದೆ ನಿಲ್ಲಿಸಿ ಆ ಫೋಟೋವನ್ನು ಮತ್ತೆ ತೆಗೆದರು. ನೂರ ನಲವತ್ತೈದು ವರ್ಷಗಳ ಮೇಲೆ. ನಮಗೆ ಅಷ್ಟು ಕಾಯುವ ಅಗತ್ಯ ಇಲ್ಲ. ಹಳಿ ರಿಪೇರಿ ಮಾಡುತ್ತಿದ್ದ ನಮ್ಮ ಗ್ಯಾಂಗ್‌ಮನ್‌ಗಳು, ಪಾಯಿಂಟ್ಸ್‌ಮನ್‌ಗಳು, ಸಂಜೆ ಏಣಿ ಹತ್ತಿ ಸಿಗ್ನಲ್ ದೀಪ ಹಚ್ಚುತ್ತಿದ್ದ ಲ್ಯಾಂಪ್‌ಮನ್‌ಗಳು, ಕಲ್ಲಿದ್ದಲು ಎತ್ತಿ ಎತ್ತಿ ಬೆನ್ನು ಬಾಗಿದ ಫೈರ್‌ಮನ್‌ಗಳು ಇನ್ನೂ ಇದ್ದಾರೆ. ಹುಬ್ಬಳ್ಳಿಯ ಓಣಿಗಳಲ್ಲಿ, ಗದಗಿನಲ್ಲಿ, ಹುಲಕೋಟಿ, ಅಣ್ಣಿಗೇರಿಯ ಕಟ್ಟೆಗಳ ಮೇಲೆ ಕೂತಿದ್ದಾರೆ. ಬಹಳ ವರ್ಷ ಇರುವುದಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದವರಲ್ಲಿ ಎಷ್ಟೋ ಮಂದಿ ಆಗಲೇ ಹೋದರು. ಅವರ ಜೊತೆ ಕೈಯ ವಿದ್ಯೆಯೂ ಹೋಯಿತು.

ಅವತ್ತು ಸಾಯಂಕಾಲ ಹೊರಡುವಾಗ ಆ ಸಿಬ್ಬಂದಿಯವರು ಅಪ್ಪನ ಹತ್ತಿರ "ಇನ್ನೊಮ್ಮೆ ಬರ್ರಿ ಅಜ್ಜಾರ, ಸಾಲಿ ಹುಡುಗ್ರು ಬರ್ತಾರಲ್ಲ, ಅವಾಗ ಬರ್ರಿ" ಅಂದರು. ನನಗೆ ಇದು ಒಬ್ಬರ ಪ್ರೀತಿಯ ಮಾತಾಗಿ ಉಳಿಯಬಾರದು ಅನ್ನಿಸುತ್ತೆ. ರಜಾ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಒಂದು ಗಂಟೆ ಸಾಕು. ಇಬ್ಬರು ನಿವೃತ್ತರು, ಎರಡು ರಿಂಗ್, ಬಾರಿಸಲು ಒಂದು ಗಂಟೆ, ಅಲ್ಲಿ ಬಂದಿರುವ ಮಕ್ಕಳು. ಖರ್ಚೇ ಇಲ್ಲ. ಬಿಸಿಲಿಗೆ ನೆರಳು, ಕೂಡಲು ಕುರ್ಚಿ, ಕುಡಿಯಲು ನೀರು, ಚಹಾ ಕೊಟ್ಟು ಮರ್ಯಾದೆಯಿಂದ ಕರೆದರೆ ಬರುತ್ತಾರೆ. ಬರುವುದಷ್ಟೇ ಅಲ್ಲ, ಹಿಂದಿನ ದಿನವೇ ಅಂಗಿ ಇಸ್ತ್ರಿ ಮಾಡಿಸಿ ಇಟ್ಟುಕೊಳ್ಳುತ್ತಾರೆ. ನಮ್ಮಪ್ಪ ಹಾಗೇ ಮಾಡಿದ್ದರು.

ಹೋಗುವವರಿಗೆ ಎರಡು ಮಾತು. ಸಾಧ್ಯವಾದರೆ ರೈಲಿನಲ್ಲೇ ಹೋಗಿ, ಕಾರಿನಲ್ಲಿ ಹೋದರೆ ಅರ್ಧ ಪಾಠ ತಪ್ಪುತ್ತದೆ. ನಡು ಮಧ್ಯಾಹ್ನ ಬಿಸಿಲು ಜಾಸ್ತಿ, ಹಿರಿಯರಿದ್ದರೆ ನಾಲ್ಕರ ಮೇಲೆ ಒಳ್ಳೇದು. ಹಿರಿಯರನ್ನು "ನಿಮ್ಮ ಕಾಲದ ಬಗ್ಗೆ ಹೇಳ್ರಿ" ಅಂತ ಕೇಳಬೇಡಿ, ಏನು ಹೇಳಬೇಕೋ ತಿಳಿಯದೆ "ಏನೈತಿ ಹೇಳಾಕ" ಅಂದುಬಿಡುತ್ತಾರೆ. ಒಂದು ಸಾಮಾನು ತೋರಿಸಿ, ಇದನ್ನ ಹೆಂಗ ಹಿಡೀತಿದ್ರಿ ಅಂತ ಕೇಳಿ. ಕೈ ತಾನೇ ಎದ್ದು ಬರುತ್ತೆ, ಹಿಂದೆಯೇ ಮಾತು ಬರುತ್ತೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯಲ್ಲಿದ್ದ ಹೆಂಗಸರನ್ನೂ ಕೇಳಿ.

ತಂಗಿಯ ಮಗ ಈಗ ಯಂತ್ರವನ್ನೂ ಮಾಡುತ್ತೇನೆ ಅಂತ ಕೂತಿದ್ದಾನೆ. ಎರಡು ರಟ್ಟಿನ ಪೆಟ್ಟಿಗೆ, ಎರಡು ಕಾಲಿಂಗ್ ಬೆಲ್, ನಡುವೆ ಉದ್ದ ವೈರು. ಒಂದು ಕಡೆ ಗುಂಡಿ ಒತ್ತಿ ಹಿಡಿದರೆ ಮಾತ್ರ ಇನ್ನೊಂದು ಕಡೆ ಚೆಂಡು ಬೀಳಬೇಕು ಅಂತ ಅಪ್ಪ ಷರತ್ತು ಹಾಕಿದ್ದಾರೆ. ಇನ್ನೂ ಬೀಳುತ್ತಿಲ್ಲ. ಮ್ಯಾಗ್ನೆಟ್ ಹಚ್ಚಿ ನೋಡೋಣ ಅಂತ ಅಜ್ಜ, ಮೊಮ್ಮಗ ಇಬ್ಬರೂ ಪಡಸಾಲೆಯಲ್ಲಿ ಸಾಮಾನು ಹರಡಿಕೊಂಡು ಕೂತಿದ್ದಾರೆ. ಇಲೆಕ್ಟ್ರಿಕಲ್ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಉಪಾಯ ಹೇಳಿ.